ನೀರು ಇಳಿದಾಗ ಕಾಣುವ ಗೋಡೆಗಳು

ಮೂಡಿಗೆರೆ ಸೀಮೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ನದಿ ಸಕಲೇಶಪುರದ ಕಾಫಿ ತೋಟಗಳ ನಡುವೆ ಹರಿದು, ಆಲೂರಿನ ಗುಡ್ಡಗಳನ್ನು ಬಳಸಿ ಗೊರೂರಿಗೆ ಬರುತ್ತದೆ. ಅಲ್ಲಿ ಅಣೆಕಟ್ಟು ಅವಳನ್ನು ತಡೆದು ನಿಲ್ಲಿಸಿದೆ. ಆ ಹಿನ್ನೀರಿನಲ್ಲಿ ವರ್ಷಕ್ಕೊಮ್ಮೆ ಮುಳುಗಿ, ಬೇಸಿಗೆಯಲ್ಲಿ ಮತ್ತೆ ತಲೆ ಎತ್ತುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಮ್ಮಲ್ಲಿ ನೋಡದವರು ವಿರಳ. ಇಂದು ದೂರದೂರಿನಿಂದ ಯುವಕರು ಛಾಯಾಚಿತ್ರ ತೆಗೆಯಲು ಅಲ್ಲಿಗೆ ಬರುತ್ತಾರೆ. ಆದರೆ ಆ ಮೊಂಡು ಗೋಡೆಗಳು ಕೇವಲ ನೋಟದ ವಸ್ತುವಲ್ಲ. ನಮ್ಮ ಬಾಳಿನ ಲೆಕ್ಕವನ್ನು ಕೇಳುವ ಸಾಕ್ಷಿಗಳು ಎಂದು ನನಗೆ ಅನಿಸುತ್ತದೆ.

ಈ ದೇವಾಲಯವನ್ನು ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದರು. ಆಲೂರು, ಸಕಲೇಶಪುರಗಳ ಬಿಳಿಯ ತೋಟದ ದೊರೆಗಳೂ ಇದರ ನಂಟಿಗೆ ಸೇರಿದವರೆಂದು ಹೇಳುತ್ತಾರೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂಬ ಮಾತು ಇಂದಿಗೂ ಹಿರಿಯರ ಬಾಯಲ್ಲಿದೆ. ಕಟ್ಟಿದವರು ನೂರಾರು ವರ್ಷ ನಿಲ್ಲಲೆಂದೇ ಕಟ್ಟಿದರು ಎನ್ನುವುದಕ್ಕೆ ಅಲೆಗಳ ಏಟು ತಿಂದೂ ನಿಂತ ಗೋಡೆಗಳೇ ಪ್ರಮಾಣ.

ಅದೇ ದಶಕದಲ್ಲಿ ಈ ಬೆಟ್ಟಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಅಂದು ಮಂಜರಾಬಾದ್ ಎಂದು ಕರೆಯುತ್ತಿದ್ದ ಸಕಲೇಶಪುರದ ಮಲೆಗಳಲ್ಲಿ 1840ರ ದಶಕದಿಂದ ಐರೋಪ್ಯರು ಕಾಫಿ ತೋಟಗಳನ್ನು ಎಬ್ಬಿಸಿದ್ದರು. ಹಣ ಹರಿಯುತ್ತಿತ್ತು. ಆದರೆ 1860ರ ದಶಕದ ಉತ್ತರಾರ್ಧದಲ್ಲಿ ಕಾಂಡ ಕೊರೆಯುವ ಹುಳು ಮತ್ತು ಗಿಡಗಳ ಸೊರಗುವಿಕೆಯಿಂದ ಹಳೆಯ 'ಚಿಕ್' ತಳಿಯ ತೋಟಗಳು ಹಾಳಾದವು. ಬಳಿಕ ಕೊಡಗಿನ ತಳಿಯನ್ನು ತಂದು ನೆಟ್ಟ ಮೇಲೆಯೇ ಬೆಟ್ಟಗಳು ಮತ್ತೆ ಹಸಿರಾದದ್ದು. ದೊಡ್ಡ ಕಣಜ ಕಟ್ಟಲು ಹೊರಟ ಧನಿಕನ ಸಾಮತಿಯನ್ನು ಸಂತ ಲೂಕರ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ನಾವು ಓದುತ್ತೇವೆ. ಪ್ರಭು ಅವನ ಬೇಸಾಯವನ್ನು ತಪ್ಪೆನ್ನಲಿಲ್ಲ; ಬೆಳೆಯೊಂದನ್ನೇ ಬಾಳೆಂದು ಬಗೆದ ಅವನ ಮನಸ್ಸನ್ನು ತಪ್ಪೆಂದರು. ಕಣಜದ ಅಳತೆ ಅವನಿಗೆ ಗೊತ್ತಿತ್ತು, ತನ್ನ ದಿನಗಳ ಅಳತೆ ಗೊತ್ತಿರಲಿಲ್ಲ.

ತೋಟಗಳು ಮತ್ತೆ ಚಿಗುರಿದವು. ಮುಳುಗಿದ್ದು ದೇವಾಲಯ. ಹೇಮಾವತಿ ಅಣೆಕಟ್ಟಿನ ಕಾಮಗಾರಿ 1979ರಲ್ಲಿ ಮುಗಿಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ನೀರುಣಿಸುತ್ತಿದೆ. ಅದಕ್ಕಾಗಿ ಶೆಟ್ಟಿಹಳ್ಳಿಯಂತಹ ಅನೇಕ ಊರುಗಳು ತಮ್ಮ ಮನೆ, ಗದ್ದೆ, ಸಮಾಧಿಗಳನ್ನು ಬಿಟ್ಟುಕೊಟ್ಟವು. ಬೇರೆಯವರ ಗದ್ದೆ ಹಸಿರಾಗಲು ನಮ್ಮವರ ಅಂಗಳ ನೀರಾಯಿತು. ಇದನ್ನು ಅನ್ಯಾಯವೆಂದಷ್ಟೇ ಹೇಳಿ ಮುಗಿಸಲಾರೆ, ತ್ಯಾಗವೆಂದು ಹೊಗಳಿ ಅವರ ಕಣ್ಣೀರನ್ನು ಒರೆಸಿಬಿಡಲೂ ಆರೆ. ಎರಡೂ ನಿಜ.

ಪ್ರಿಯ ಓದುಗರೇ, ಇಲ್ಲಿ ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ, ನಾನಿದ್ದ ಧರ್ಮಕೇಂದ್ರದಲ್ಲಿ ಸಭಾಭವನ ಕಟ್ಟಿಸುತ್ತಿದ್ದೆ. ಹಿನ್ನೀರಿನಿಂದ ಎದ್ದು ಬಂದ ಒಬ್ಬ ವೃದ್ಧರು ಹಾಸಿಗೆ ಹಿಡಿದಿದ್ದಾರೆ, ನಿಮ್ಮನ್ನು ನೋಡಬೇಕೆನ್ನುತ್ತಾರೆ ಎಂದು ಅವರ ಮೊಮ್ಮಗಳು ಬಂದು ಹೇಳಿದಳು. ಮರುದಿನ ಛಾವಣಿಯ ಕಾಂಕ್ರೀಟು ಹಾಕುವುದಿತ್ತು. ಮಳೆ ಬರುವ ಮುನ್ನ ಮುಗಿಸಬೇಕೆಂಬ ಆತುರ. ನಾಳಿದ್ದು ಬರುತ್ತೇನೆಂದು ಹೇಳಿ ಕಳುಹಿಸಿದೆ. ನಾನು ಹೋದಾಗ ಮನೆಯ ಮುಂದೆ ಬೆಂಚುಗಳನ್ನು ಹಾಕಿದ್ದರು. ಅಭ್ಯಂಗದ ತೈಲದ ಭರಣಿ ನನ್ನ ಜೇಬಿನಲ್ಲಿಯೇ ಉಳಿಯಿತು. ಮನೆಯವರು ಒಂದು ಕಟುಮಾತನ್ನೂ ಆಡಲಿಲ್ಲ. ಕುಡಿಯಲು ಕಾಫಿ ಕೊಟ್ಟರು. ಸಭಾಭವನ ಈಗಲೂ ಇದೆ, ಅದರ ಛಾವಣಿ ಸೋರುವುದಿಲ್ಲ. ಆದರೆ ಅದರ ಕೆಳಗೆ ನಿಂತಾಗಲೆಲ್ಲ ಆ ಮೊಮ್ಮಗಳ ಮುಖ ನೆನಪಾಗುತ್ತದೆ. ಗುರುಮಠದಲ್ಲಿ ಅಂತಿಮ ಗತಿಗಳ ಬಗ್ಗೆ ವರ್ಷಗಟ್ಟಲೆ ಓದಿದ್ದವನಿಗೆ ಅಂದು ಕಾಂಕ್ರೀಟು ದೊಡ್ಡದಾಗಿ ಕಂಡಿತು. ನಾನು ಕೆಟ್ಟ ಕೆಲಸವನ್ನು ಆರಿಸಿಕೊಂಡಿರಲಿಲ್ಲ. ಒಳ್ಳೆಯ ಕೆಲಸವನ್ನು ತಪ್ಪು ಸ್ಥಾನದಲ್ಲಿ ಇರಿಸಿದ್ದೆ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಹೀಗೆಯೇ.

ಈ ಮಣ್ಣಿನ ಇತಿಹಾಸದಲ್ಲಿ ಇನ್ನೊಬ್ಬ ಗುರುಗಳ ಕಥೆಯಿದೆ. 'ದೊಡ್ಡಸ್ವಾಮಿ' ಎಂದು ಜನ ಕರೆಯುತ್ತಿದ್ದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಮೈಸೂರು ಸೀಮೆಗೆ ಬಂದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬು ಊರೂರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, 1803–04ರ ವೇಳೆಗೆ, 25 ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕುವ ಕೆಲಸದಲ್ಲಿ ದುಡಿದರು. ಆದರೆ 1823ರಲ್ಲಿ ಅವರು ಭಾರತವನ್ನು ಬಿಟ್ಟಾಗ ಅವರ ಮನಸ್ಸು ಸೋತಿತ್ತು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಮೂರು ದಶಕಗಳ ತಮ್ಮ ದುಡಿಮೆ ಬಹುಮಟ್ಟಿಗೆ ನಿಷ್ಫಲವಾಯಿತೆಂಬ ಭಾವವನ್ನೇ ಅವರು ತೋಡಿಕೊಂಡರು. ಅವರು 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಅವರ ಲೆಕ್ಕ ಸರಿಯಿತ್ತೇ? ಎರಡು ಶತಮಾನಗಳ ನಂತರವೂ ಹಾಸನದ ಸುತ್ತಮುತ್ತ ಭಾನುವಾರದ ಗಂಟೆ ಬಾರಿಸುತ್ತದೆ, ಕುಟುಂಬಗಳು ಬಲಿಪೂಜೆಗೆ ಬರುತ್ತವೆ. ಅಂದು ಸಿಡುಬಿನಿಂದ ಉಳಿದ ಮಗುವಿನ ಸಂತತಿ ಯಾವ ಊರಿನಲ್ಲಿ, ಯಾವ ಮತದಲ್ಲಿ ಇದೆಯೋ, ದೇವರಿಗೆ ಮಾತ್ರ ಗೊತ್ತು. ನಮ್ಮ ಕೆಲಸದ ಬೆಲೆಯನ್ನು ನಾವೇ ಕಟ್ಟುವುದಾದರೆ ಒಮ್ಮೆ ಅಹಂಕಾರಕ್ಕೆ, ಒಮ್ಮೆ ಹತಾಶೆಗೆ ಬೀಳುತ್ತೇವೆ. ನಿತ್ಯತೆಯ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಆದ್ಯತೆ ಮಾತ್ರ. 2024–25ರ ಹಂಗಾಮಿನಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ನಮ್ಮ ಮನೆಗಳಲ್ಲಿ ಸಂತಸವಾಯಿತು. ವರ್ಷಗಟ್ಟಲೆ ಸಾಲದಲ್ಲಿ ಬೆಂದವರಿಗೆ ಅದು ದೇವರ ಕೃಪೆಯೇ. ಆದರೆ ಬೆಲೆ ಏರಿದೊಡನೆ ಗಡಿಯ ಬೇಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೂ ನಮ್ಮಲ್ಲಿದ್ದಾರೆ. ಹಣ್ಣು ಕೊಯ್ದ ಆಳಿನ ಕೂಲಿ ಏರಿತೇ, ಲೈನ್ ಮನೆಯ ಸೂರು ದುರಸ್ತಿಯಾಯಿತೇ ಎಂದು ಕೇಳಿಕೊಂಡವರು ಎಷ್ಟು ಮಂದಿ? ಕೊಯ್ಲಿನ ದಿನಗಳಲ್ಲಿ ಸಂಜೆಯ ಜಪಸರ ನಿಂತರೆ ಕೊಯ್ಲು ಮುಗಿದ ಮೇಲೂ ಅದು ಮತ್ತೆ ಆರಂಭವಾಗುವುದು ಕಷ್ಟವೆಂಬುದು ಪ್ರತಿಯೊಬ್ಬ ತಾಯಿಗೂ ತಿಳಿದ ಸಂಗತಿ.

ನಿತ್ಯಜೀವವನ್ನು ಮೊದಲು ಇಡುವುದೆಂದರೆ ತೋಟ ಬಿಟ್ಟು ಕಾಡಿಗೆ ಹೋಗುವುದಲ್ಲ. ಗಿಡಕ್ಕೆ ಸಮಯಕ್ಕೆ ಸರಿಯಾಗಿ ಕಸಿ ಮಾಡುವಂತೆ, ಸಮಯ ಮೀರುವ ಮುನ್ನ ಮಾಡಬೇಕಾದುದನ್ನು ಮಾಡುವುದು. ಮಾತು ಬಿಟ್ಟ ತಮ್ಮನ ಮನೆಯ ಬಾಗಿಲು ತಟ್ಟುವುದು, ಆಳಿನ ಬಾಕಿಯನ್ನು ಸಂಜೆಯೊಳಗೆ ತೀರಿಸುವುದು, ಹಾಸಿಗೆ ಹಿಡಿದವರು ಕರೆದಾಗ ನಾಳಿದ್ದು ಎನ್ನದಿರುವುದು.

ಶೆಟ್ಟಿಹಳ್ಳಿಯ ದೇವಾಲಯದ ಛಾವಣಿ ಹೋಗಿದೆ, ಪ್ರತಿ ಮಳೆಗಾಲ ಇನ್ನಷ್ಟು ಗಾರೆಯನ್ನು ಕೊಂಡೊಯ್ಯುತ್ತದೆ. ಅಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಕೆಲವರು ಇಂದು ಮುಪ್ಪಿನಲ್ಲಿ ಬೇರೆ ಊರುಗಳ ದೇವಾಲಯಗಳಲ್ಲಿ ಮೊಣಕಾಲೂರುತ್ತಾರೆ. ಕಲ್ಲನ್ನು ನೀರು ಮುಳುಗಿಸಿತು. ಅವರ ಹಣೆಯ ಮೇಲೆ ಬಿದ್ದ ನೀರನ್ನು ಯಾವ ಅಣೆಕಟ್ಟೂ ಅಳಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಚಿತ್ರ ತೆಗೆಯುವ ಮುನ್ನ ಒಂದು ಗಳಿಗೆ ಸುಮ್ಮನೆ ನಿಲ್ಲಿ, ಅಲ್ಲಿ ಪ್ರಾರ್ಥಿಸಿ ಅಗಲಿದವರಿಗಾಗಿ ಒಂದು ಜಪ ಹೇಳಿ. ಮರಳುವ ದಾರಿಯಲ್ಲಿ, ನೀವು ನಾಳಿದ್ದಕ್ಕೆ ಮುಂದೂಡಿದ ಒಂದು ಭೇಟಿಯನ್ನು ಅಂದೇ ಮುಗಿಸಿ.