ಮಾತ್ರೆಗೆ ಮುನ್ನ ಮಾತು

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿನಿ ನಿರ್ಮಲಾ ಸಂಗ್ರಹಿಸಿದ ಆ ರಕ್ತದ ಮಾದರಿಗಳು ಲೈಂಗಿಕ ಕಾರ್ಯಕರ್ತೆಯರವು. ಅಂದಿನಿಂದ ಸಮಾಜವು ಆ ಹೆಣ್ಣುಮಕ್ಕಳನ್ನು ರೋಗದ ಮೂಲವೆಂದೇ ಎಣಿಸಿತು. ರೋಗದಿಂದ ಕಾಪಾಡಬೇಕಾದವರೆಂದು ಬಗೆದವರು ವಿರಳ.

ಸೋಂಕು ತಗಲುವ ಮೊದಲೇ ಸೇವಿಸುವ ತಡೆ ಔಷಧಕ್ಕೆ ‘ಪ್ರೆಪ್’ ಎಂದು ಹೆಸರು. ಟೆನೊಫೊವಿರ್ ಮತ್ತು ಎಮ್ಟ್ರಿಸಿಟಾಬಿನ್ ಕೂಡಿದ ಮಾತ್ರೆಯು, ದೇಹವನ್ನು ಹೊಕ್ಕ ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳದಂತೆ ತಡೆಯುತ್ತದೆ. ಅಮೆರಿಕವು ಇದಕ್ಕೆ 2012ರಲ್ಲಿ ಅನುಮತಿ ನೀಡಿತು.

ಅದಕ್ಕೂ ಹಿಂದೆ, 2004ರಲ್ಲಿ, ಕಾಂಬೋಡಿಯಾದ ಲೈಂಗಿಕ ಕಾರ್ಯಕರ್ತೆಯರಿಗೆ ಟೆನೊಫೊವಿರ್ ನೀಡಿ ಪರೀಕ್ಷಿಸುವ ಯೋಜನೆಯೊಂದಿತ್ತು. ಮಾತ್ರೆಯಿಂದ ದೇಹಕ್ಕೆ ತೊಂದರೆಯಾದರೆ ಮುಂದೆ ತಮ್ಮ ಚಿಕಿತ್ಸೆಯ ಹೊಣೆ ಯಾರದು ಎಂದು ಅವರ ಸಂಘಟನೆ ಕೇಳಿತು. ಒಪ್ಪುವಂಥ ಉತ್ತರ ದೊರೆಯಲಿಲ್ಲ. ಪ್ರತಿಭಟನೆಯ ನಂತರ, ಆಗಸ್ಟ್‌ನಲ್ಲಿ, ಪ್ರಧಾನಿ ಹುನ್ ಸೆನ್ ಪ್ರಯೋಗವನ್ನೇ ನಿಲ್ಲಿಸಿದರು. ಇದನ್ನು ಅಜ್ಞಾನವೆನ್ನುವುದು ಸಲ್ಲದು. ನಮ್ಮ ಮನೆಯ ಮಗಳಿಗೆ ಹೊಸ ಔಷಧ ಕೊಡುವಾಗ ನಾವು ಕೇಳುವುದೂ ಅದನ್ನೇ ಅಲ್ಲವೇ?

ನಮ್ಮ ಮೈಸೂರಿನಲ್ಲಿ ಇದು ಬೇರೆಯ ಹಾದಿ ಹಿಡಿಯಿತು. ಅಲ್ಲಿನ ಆಶೋದಯ ಸಮಿತಿಯನ್ನು ನಡೆಸುವವರು ಲೈಂಗಿಕ ಕಾರ್ಯಕರ್ತೆಯರೇ; ಕೋಲ್ಕತ್ತದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯೂ ಅಂಥದ್ದೇ. ಮಾತ್ರೆ ಕೈಸೇರುವ ಮೊದಲೇ ಈ ಸಂಘಟನೆಗಳಲ್ಲಿ ಚರ್ಚೆ ನಡೆಯಿತು. ಅಡ್ಡಪರಿಣಾಮಗಳೇನು? ಡಬ್ಬಿ ಮನೆಯವರ ಕಣ್ಣಿಗೆ ಬಿದ್ದರೆ ಸೋಂಕಿತಳೆಂದು ತಿಳಿದಾರೆಯೇ? ಮಾತ್ರೆಯಿದೆಯೆಂದು ಕಾಂಡೋಮ್ ಬಳಕೆ ಕುಸಿದರೆ? ಕೊನೆಯ ಶಂಕೆ ಸಣ್ಣದಲ್ಲ, ಏಕೆಂದರೆ ಪ್ರೆಪ್ ಇತರ ಲೈಂಗಿಕ ರೋಗಗಳನ್ನು ತಡೆಯದು. ಇಂಥವನ್ನು ಬಿಳಿಯಂಗಿಯ ವೈದ್ಯರ ಮುಂದೆ ಆಡಲು ನಾಲಿಗೆ ಹಿಂಜರಿಯುತ್ತದೆ; ಒಡನಾಡಿಯ ಮುಂದೆ ಹಿಂಜರಿಯದು.

2016ರಲ್ಲಿ ಆರಂಭವಾದ ಯೋಜನೆಗೆ ಮೈಸೂರಿನಲ್ಲಿ 647, ಕೋಲ್ಕತ್ತದಲ್ಲಿ 678 ಮಹಿಳೆಯರು ಸೇರಿದರು. ಮೊದಲು ರಕ್ತಪರೀಕ್ಷೆ ಕಡ್ಡಾಯ: ಸೋಂಕು ಈಗಾಗಲೇ ಇದ್ದರೆ ಈ ಮಾತ್ರೆಯೊಂದೇ ಸಾಲದು, ವೈರಾಣುವಿಗೆ ಔಷಧ ನಿರೋಧ ಬಂದೀತು. ಯೋಜನೆಯ ಅವಧಿಯಲ್ಲಿ ಎರಡೂ ಕಡೆ ಹೊಸ ಸೋಂಕು ಒಂದೂ ಕಂಡುಬರಲಿಲ್ಲ. ಮೈಸೂರಿನಲ್ಲಿ ಕಾಂಡೋಮ್ ಬಳಕೆಯೂ ತಗ್ಗಲಿಲ್ಲ. ಹೋಲಿಕೆಗೆ ಮಾತ್ರೆ ಸೇವಿಸದ ಗುಂಪು ಇರಲಿಲ್ಲವಾದ್ದರಿಂದ ಶ್ರೇಯಸ್ಸನ್ನೆಲ್ಲ ಮಾತ್ರೆಗೇ ಸಲ್ಲಿಸಲಾಗದೆಂಬುದನ್ನು, ಲೆಕ್ಕದ ಮೇಷ್ಟರಾದ ನಿಮ್ಮಲ್ಲಿ ಕೆಲವರು ಆಗಲೇ ಗಮನಿಸಿರುತ್ತೀರಿ.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೆನಕಾಪವಿರ್ ಎಂಬ ಚುಚ್ಚುಮದ್ದನ್ನು ಶಿಫಾರಸು ಮಾಡಿತು. ವರ್ಷಕ್ಕೆ ಎರಡು ಬಾರಿ ಚುಚ್ಚಿಸಿಕೊಂಡರಾಯಿತು. ಮನೆಯಲ್ಲಿ ಡಬ್ಬಿ ಬಚ್ಚಿಡುವ ಚಿಂತೆ ಇಲ್ಲ.