ಮೂತ್ರಾಶಯದ ಅಂಧಚೀಲ

ಮೂತ್ರಾಶಯದ ಒಳಗಣ ಲೋಳೆಪೊರೆಯು ಸ್ನಾಯುಭಿತ್ತಿಯ ದುರ್ಬಲಸ್ಥಾನವೊಂದರಲ್ಲಿ, ಸವೆದ ಟೈರಿನ ಬಿರುಕಿನಿಂದ ಟ್ಯೂಬು ಉಬ್ಬಿಬರುವಂತೆ, ಹೊರಚಾಚಿದಾಗ ಉಂಟಾಗುವ ಚೀಲವೇ ಅಂಧಚೀಲ ಅಥವಾ ಡೈವರ್ಟಿಕ್ಯುಲಮ್. ಜನ್ಮಜಾತವಾದುದು ಪ್ರಾಯಃ ಗಂಡುಮಕ್ಕಳಲ್ಲಿ, ಮೂತ್ರಪಿಂಡದಿಂದ ಇಳಿದುಬರುವ ನಾಳದ ಬಾಯಿಯ ಸಮೀಪದಲ್ಲಿ, ಒಂಟಿಯಾಗಿ ಕಾಣುವುದು. ಆರ್ಜಿತವಾದುದಾದರೋ ಹೆಚ್ಚಾಗಿ ವಯಸ್ಸಾದ ಗಂಡಸರಲ್ಲಿ, ಪ್ರಾಸ್ಟೇಟ್ ಗ್ರಂಥಿಯ ಊತವೋ ಮೂತ್ರಮಾರ್ಗದ ಸಂಕೋಚವೋ ಹೊರಹರಿವನ್ನು ತಡೆಯಲಾಗಿ, ಮೂತ್ರಾಶಯವು ಬಹುಕಾಲ ಅತಿಯಾದ ಒತ್ತಡದಲ್ಲಿ ಶ್ರಮಿಸಿದುದರ ಪರಿಣಾಮ. ಚಿಕಿತ್ಸೆಯ ವಿವೇಕವೆಲ್ಲ ಈ ಕಾರಣವನ್ನು ಮರೆಯದಿರುವುದರಲ್ಲಿದೆ.

ಚೀಲದ ಭಿತ್ತಿಯಲ್ಲಿ ಸ್ನಾಯು ಅತ್ಯಲ್ಪವಾದುದರಿಂದ, ಮೂತ್ರಾಶಯವು ಸಂಕುಚಿಸಿದಾಗ ಅದು ಬರಿದಾಗದೆ ಮತ್ತಷ್ಟು ತುಂಬಿಕೊಳ್ಳುತ್ತದೆ. ಅನಂತರ ಆ ಮೂತ್ರವು ಮೂತ್ರಾಶಯಕ್ಕೆ ಹಿಂದಿರುಗಲು, ಆಗತಾನೆ ವಿಸರ್ಜಿಸಿ ಬಂದವನಿಗೆ ಮತ್ತೊಮ್ಮೆ ಹೋಗಬೇಕೆನಿಸುವುದು. ವಯೋಧರ್ಮವೆಂದು ರೋಗಿಯು ಹೇಳದೆ ಬಿಡುವ ಈ ಲಕ್ಷಣವನ್ನು ವೈದ್ಯನು ತಾನಾಗಿ ಕೇಳಿ ತಿಳಿಯಬೇಕು. ನಿಂತ ಮೂತ್ರದಿಂದ ಮರುಕಳಿಸುವ ಸೋಂಕು, ಕಲ್ಲು, ಒಮ್ಮೊಮ್ಮೆ ಅರ್ಬುದವೂ ಸಂಭವಿಸುತ್ತವೆ. ಎಷ್ಟೋ ಜನರಲ್ಲಿ ಯಾವ ಬಾಧೆಯೂ ಇಲ್ಲದೆ, ಬೇರಾವುದೋ ಪರೀಕ್ಷೆಯಲ್ಲಿ ಇದು ಆಕಸ್ಮಿಕವಾಗಿ ಪತ್ತೆಯಾಗುವುದುಂಟು.

ವಿಸರ್ಜನೆಯ ಮುನ್ನ ಹಾಗೂ ಅನಂತರ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯು ಚೀಲವನ್ನೂ ಅದರಲ್ಲಿ ಉಳಿಯುವ ಮೂತ್ರವನ್ನೂ ತೋರಿಸುತ್ತದೆ. ಚಿತ್ರದಲ್ಲಿ ಎದ್ದುಕಾಣುವ ದ್ರವವನ್ನು ಮೂತ್ರಾಶಯಕ್ಕೆ ತುಂಬಿ, ರೋಗಿಯು ವಿಸರ್ಜಿಸುತ್ತಿರುವಾಗಲೇ ತೆಗೆಯುವ ಎಕ್ಸ್-ರೇ ಚಿತ್ರಗಳು ಇನ್ನೂ ಸ್ಪಷ್ಟ. ಮೂತ್ರಾಶಯದ ಹಿಂದೆ ಮರೆಯಾದ ಚೀಲವು ನೇರಚಿತ್ರದಲ್ಲಿ ಕಾಣದಿರಬಹುದಾದ ಕಾರಣ ಓರೆಚಿತ್ರವೂ ಅವಶ್ಯಕ. ಮೂತ್ರಾಶಯವನ್ನು ಒಳಗಿನಿಂದ ನೋಡುವ ದುರ್ಬೀನನ್ನು ಚೀಲದ ಬಾಯೊಳಗೂ ಇಳಿಸಿ ನೋಡತಕ್ಕದ್ದು: ಅಲ್ಲಿ ಹುಟ್ಟಿದ ಅರ್ಬುದಕ್ಕೆ ಸ್ನಾಯುವಿನ ತಡೆಯಿಲ್ಲವಾಗಿ, ಅದು ಸುತ್ತಲಿನ ಕೊಬ್ಬಿಗೆ ಬೇಗನೆ ವ್ಯಾಪಿಸಬಲ್ಲುದು. ಮೂತ್ರಾಶಯದ ಒತ್ತಡವನ್ನು ಅಳೆದು ಅದರ ಸಂಕೋಚನಶಕ್ತಿಯನ್ನರಿಯುವುದೂ ಅಷ್ಟೇ ಮುಖ್ಯ.

ಹೈಡೆಲ್‌ಬರ್ಗಿನ ಶಸ್ತ್ರವೈದ್ಯ ಚೆರ್ನಿಯು ಇಂಥ ಚೀಲವನ್ನು ಛೇದಿಸಿ ತೆಗೆದ ವೃತ್ತಾಂತವನ್ನು 1897ರಲ್ಲಿ ಪ್ರಕಟಿಸಿದನು. ಇಂದು ಅದೇ ಕಾರ್ಯವನ್ನು ಲ್ಯಾಪರೊಸ್ಕೋಪಿನಿಂದಲೂ ರೋಬಾಟ್ ನೆರವಿನಿಂದಲೂ ಮಾಡುತ್ತಾರೆ. ಉಪಕರಣ ಯಾವುದಾದರೂ, ಮೂಲದ ಅಡಚಣೆಯನ್ನು ಉಳಿಸಿ ಚೀಲವನ್ನಷ್ಟೇ ತೆಗೆಯುವುದು ವ್ಯರ್ಥವೆಂದೇ ಹೇಳಬೇಕು, ಏಕೆಂದರೆ ಅದೇ ಒತ್ತಡವು ಮತ್ತೊಂದು ಚೀಲಕ್ಕೆ ದಾರಿಮಾಡುತ್ತದೆ. ಪ್ರಾಸ್ಟೇಟಿಗೆ ಔಷಧವನ್ನೋ ಶಸ್ತ್ರಚಿಕಿತ್ಸೆಯನ್ನೋ ಮೊದಲು, ಇಲ್ಲವೆ ಜೊತೆಯಲ್ಲೇ, ನಡೆಸತಕ್ಕದ್ದು. ಬಾಧೆಯಿಲ್ಲದೆ ಚೆನ್ನಾಗಿ ಬರಿದಾಗುವ ಸಣ್ಣ ಚೀಲಗಳನ್ನು ಗಮನಿಸುತ್ತಿದ್ದರೆ ಸಾಕು. ಸೋಂಕು ಬಿಡದೆ ಮರಳಿದರೆ, ಕಲ್ಲು ಅಥವಾ ಅರ್ಬುದ ಬೆಳೆದರೆ, ಪಕ್ಕದ ಮೂತ್ರನಾಳವು ಅದುಮಿಹೋದರೆ ಛೇದನ ಅನಿವಾರ್ಯ. ಆಗ ಚೀಲಕ್ಕಂಟಿಕೊಂಡಿರಬಹುದಾದ ಆ ನಾಳವನ್ನು ಕಾಪಾಡಲು ಅದರೊಳಗೆ ಸ್ಟೆಂಟನ್ನು ಮೊದಲೇ ಇರಿಸುವುದುಂಟು. ಸಂಕೋಚನಶಕ್ತಿಯೇ ಉಡುಗಿದವರು ದಿನವೂ ನಿಗದಿತ ವೇಳೆಗಳಲ್ಲಿ ಕ್ಯಾಥೆಟರ್ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಕಲಿಯಬೇಕಾಗುತ್ತದೆ.

ನೋವಿಲ್ಲದಿದ್ದರೂ ಮೂತ್ರದಲ್ಲಿ ಒಮ್ಮೆ ರಕ್ತ ಕಂಡವರು, ಅದು ಅರ್ಬುದದ ಸೂಚನೆಯಾಗಿರಬಹುದಾದ ಕಾರಣ, ತಾನಾಗಿ ನಿಂತಿತೆಂದು ಸುಮ್ಮನಿರದೆ, ತಡಮಾಡದೆ ವೈದ್ಯರನ್ನು ಕಾಣಬೇಕು.