ಬೇಸಿಗೆ, ಧೂಳು ಮತ್ತು ಹಳೆಯ ಕಂಪ್ಯೂಟರ್

ಮೇ ತಿಂಗಳಲ್ಲಿ, ಕಲಬುರಗಿಯಲ್ಲಾಗಲಿ ಕಮಲಾಪುರದಲ್ಲಾಗಲಿ, ನಿಮ್ಮ ಮನೆಯ ಹಳೆಯ ಕಂಪ್ಯೂಟರ್ ಬೆಳಿಗ್ಗೆ ಚುರುಕಾಗಿದ್ದು ಮಧ್ಯಾಹ್ನ ತೆವಳುತ್ತದೆಯೇ? ವೈರಸ್ ಎಂದು ಶಂಕಿಸಿ ದುಡ್ಡು ಸುರಿಯುವ ಮುನ್ನ ಪ್ರೊಸೆಸರಿನ ಇತಿಹಾಸವನ್ನು ಸ್ವಲ್ಪ ನೋಡಿ.

1985ರಲ್ಲಿ ಬಂದ ಇಂಟೆಲ್ 386ಕ್ಕೆ ಫ್ಯಾನೇ ಬೇಕಿರಲಿಲ್ಲ. ಅದು ಬಳಸುತ್ತಿದ್ದುದು ಕೆಲವೇ ವ್ಯಾಟ್. 2000ದಲ್ಲಿ ಬಂದ ಪೆಂಟಿಯಮ್ 4 ಐವತ್ತು ವ್ಯಾಟ್ ದಾಟಿತು. ಉಗುರಿನಗಲದ ಸಿಲಿಕಾನ್ ತುಣುಕಿನಲ್ಲಿ ಇಷ್ಟು ಶಾಖ! ಆದ್ದರಿಂದ ಚಿಪ್ಪಿನೊಳಗೇ ಉಷ್ಣತೆಯನ್ನು ಅಳೆಯುವ ಏರ್ಪಾಡು ಮಾಡಿದರು. ಮಿತಿ ಮೀರಿದೊಡನೆ ಅದು ಕ್ಲಾಕ್ ಸ್ಪಂದನಗಳನ್ನು ನಡುನಡುವೆ ತಡೆಯುತ್ತದೆ. ಚಿಪ್ ಸುಡದೆ ಉಳಿಯುತ್ತದೆ, ಕೆಲಸ ನಿಧಾನವಾಗುತ್ತದೆ. ಮುಂದಿನ ಪ್ರೊಸೆಸರುಗಳೂ ಬಿಸಿಯಾದಾಗ ಹೀಗೆಯೇ ವೇಗ ತಗ್ಗಿಸುತ್ತವೆ.

ಶಾಖ ಹೊರಹೋಗುವ ದರ ಉಷ್ಣತೆಯ ವ್ಯತ್ಯಾಸವನ್ನು ಅವಲಂಬಿಸಿದೆ. ಚಿಪ್ 70 ಡಿಗ್ರಿಯಲ್ಲಿದ್ದಾಗ ಕೋಣೆ 25ರಿಂದ 40 ಡಿಗ್ರಿಗೆ ಏರಿದರೆ ವ್ಯತ್ಯಾಸ 45ರಿಂದ 30ಕ್ಕೆ ಇಳಿಯುತ್ತದೆ. ಹೊರಹೋಗುವ ಶಾಖ ಸುಮಾರು ಮೂರನೇ ಎರಡರಷ್ಟಾಗುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಗಟ್ಟಿಯಾಗಿ ಕೂತಿದ್ದರೆ ಅಷ್ಟೂ ಇಲ್ಲ.

ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಫ್ಯಾನನ್ನು ತಿರುಗದಂತೆ ಹಿಡಿದು, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರ ಕೆಪಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರಬಹುದು. ಕ್ಯಾಬಿನೆಟ್ ಗೋಡೆಯಿಂದ ಗೇಣು ದೂರವಿರಲಿ. ಇಷ್ಟಾದ ಮೇಲೂ ತಂಪು ಹೊತ್ತಿನಲ್ಲೇ ನಿಧಾನವಾಗಿದ್ದರೆ ಕಾರಣ ಬೇರೆ. ಆಗ ಹಾರ್ಡ್ ಡಿಸ್ಕನ್ನು ನೋಡಬೇಕು.